ಮಾಂಸತ್ಯಾಗವೂ ಭೂಭಾರವೂ
(ಶ್ರೀಮಠದ ಮಹೋತ್ಸವದ ಗೋಷ್ಠಿಯಲ್ಲಿ ಮಾಡಿದ ಭಾಷಣ)

ಮಾಂಸತ್ಯಾಗವನ್ನು ಕುರಿತು ಈ ಮಠದ ಭಕ್ತರ ಮುಂದೆ ಮಾತನಾಡುವುದು ಹೊಳೆಯ ದಂಡೆಯಲ್ಲಿ ನೀರು ಮಾರಿದಂತಾದೀತೆಂದು ಮೊದಲು ಹಿಂಜರಿದೆನು. ಇಲ್ಲಿ ಕುಳಿತವರಲ್ಲಿ ಹೆಚ್ಚಿನವರು ಹುಟ್ಟಿದಂದಿನಿಂದ ಮಾಂಸವನ್ನು ಮುಟ್ಟಿದವರಲ್ಲ. ಆದರೆ ಎರಡು ವರ್ಷಗಳ ಕೆಳಗೆ ನಮ್ಮ ಪ್ರಸಾದನಿಲಯದ ವಿದ್ಯಾರ್ಥಿಯೊಬ್ಬನು ಕೇಳಿದ ಪ್ರಶ್ನೆಯೊಂದು ನನ್ನ ಹಿಂಜರಿಕೆಯನ್ನು ಬಿಡಿಸಿತು.

ಆ ಹುಡುಗನ ಮನೆಯಲ್ಲಿ ಮಾಂಸಾಹಾರವು ರೂಢಿಯದು. ದ್ಯಾಮವ್ವನ ಜಾತ್ರೆಗೆಂದು ಊರಿಗೆ ಹೋದವನು, ತಾಯಿ ಮಾಡಿದ ಹಬ್ಬದಡಿಗೆಯನ್ನು ಮುಟ್ಟದೆ, ಬರಿಯ ರೊಟ್ಟಿ ಕಾಳುಪಲ್ಯಗಳನ್ನು ಉಂಡು ಮರಳಿದನು. ತಾಯಿ ಕಣ್ಣೀರಿಟ್ಟಳಂತೆ; ನೆಂಟರು ನಕ್ಕರಂತೆ. ಪ್ರಸಾದನಿಲಯದ ಸಂಸ್ಕಾರವು ಫಲಿಸಿತೆಂದು ನಾನು ಹಿಗ್ಗಿ ಅವನ ಬೆನ್ನು ತಟ್ಟಿದೆನು. ಅವನು ವಿನಯದಿಂದಲೇ, "ಗುರುಗಳೇ, ನಾನು ಬಿಟ್ಟುದು ಆ ಕಾರಣದಿಂದಲ್ಲ. ನಮ್ಮ ಊಟವು ಭೂಮಿಯ ಮೇಲೆ ಹೊರಿಸುವ ಭಾರದ ಲೆಕ್ಕವನ್ನು ಓದಿ ಬಿಟ್ಟೆ. ಆ ಲೆಕ್ಕದಲ್ಲಿ ತಾವೂ ಇದ್ದೀರಿ. ನಾನು ನನಗೆ ಇಷ್ಟವಾದುದನ್ನು ಬಿಟ್ಟೆ. ತಾವು ಏನನ್ನು ಬಿಟ್ಟಿರಿ?" ಎಂದನು. ಬಾಲ್ಯದಿಂದ ರುಚಿಯೇ ತಿಳಿಯದ ವಸ್ತುವನ್ನು ಉಣ್ಣದಿರುವುದಕ್ಕೆ ತ್ಯಾಗವೆಂಬ ಹೆಸರು ಸಲ್ಲದೆಂದು ನನಗೆ ಅಂದು ಹೊಳೆಯಿತು. ಅವನಿಂದಲೇ ಆ ಲೆಕ್ಕವನ್ನು ಪಡೆದು ಓದಿದೆನು.

2018ನೆಯ ಇಸವಿಯಲ್ಲಿ ಪೂರ್ ಮತ್ತು ನೆಮೆಚೆಕ್ ಎಂಬ ಇಬ್ಬರು ವಿದ್ವಾಂಸರು 119 ದೇಶಗಳ ಸುಮಾರು 38,700 ಹೊಲಗಳ ವಿವರಗಳನ್ನು ಕೂಡಿಸಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಕಂಡಂತೆ, ಜಗತ್ತಿನ ಕೃಷಿಭೂಮಿಯಲ್ಲಿ ಶೇಕಡಾ 83ರಷ್ಟು ಮಾಂಸ, ಸಾಕಿದ ಮೀನು, ಮೊಟ್ಟೆ, ಹಾಲುಗಳ ಸಲುವಾಗಿ ವಿನಿಯೋಗವಾಗುತ್ತಿದೆ. ಅದರಿಂದ ಮನುಷ್ಯರಿಗೆ ದೊರೆಯುವುದು ಆಹಾರಶಕ್ತಿಯಲ್ಲಿ ಶೇಕಡಾ 18, ಸಸಾರಜನಕದಲ್ಲಿ ಶೇಕಡಾ 37 ಮಾತ್ರ. ದಕ್ಷಿಣ ಅಮೆರಿಕದ ಅಮೆಜಾನ್ ಮಹಾರಣ್ಯದಲ್ಲಿ ಕಡಿದ ಕಾಡಿನ ಬಹುಪಾಲು ನೆಲವು ದನಗಳ ಹುಲ್ಲುಗಾವಲಾಗಿ ಪರಿಣಮಿಸಿದೆ. ಇದರ ಕಾರಣವು ಗೂಢವಾದುದೇನೂ ಅಲ್ಲ. ಪಶುವು ತಾನು ತಿಂದುದರಲ್ಲಿ ಹೆಚ್ಚಿನದನ್ನು ತನ್ನ ಮೈಯ ಕಾವಿಗೂ ನಡೆದಾಟಕ್ಕೂ ಉಸಿರಿಗೂ ವೆಚ್ಚಮಾಡುತ್ತದೆ. ಉಳಿದ ಅಲ್ಪಭಾಗವೇ ಮಾಂಸವೋ ಹಾಲೋ ಆಗಿ ನಮಗೆ ಸೇರುತ್ತದೆ.

ಇನ್ನೊಂದು ಸಂಗತಿಯು ದನಕರುಗಳನ್ನು ಸಾಕಿದ ನಿಮಗೆ ಸುಲಭವಾಗಿ ತಿಳಿಯತಕ್ಕದ್ದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯ ಮೊದಲ ಕೋಣೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳು ಹುಲ್ಲನ್ನು ಹುಳಿಯಿಸುತ್ತವೆ. ಮನುಷ್ಯನು ಜೀರ್ಣಿಸಲಾರದ ಕಣಿಕೆಯು ಎತ್ತಿನ ಬಲವಾಗುವುದು ಈ ಚಮತ್ಕಾರದಿಂದಲೇ. ಆದರೆ ಆಗ ಹುಟ್ಟುವ ಮೀಥೇನ್ ಎಂಬ ಅನಿಲವು ತೇಗಿನೊಡನೆ ಹೊರಬಿದ್ದು ಆಕಾಶವನ್ನು ಸೇರುತ್ತದೆ. ನೂರು ವರ್ಷಗಳ ಅವಧಿಯನ್ನು ಹಿಡಿದು ನೋಡಿದರೆ, ಅದೇ ತೂಕದ ಇಂಗಾಲಾಮ್ಲವಾಯುವಿಗಿಂತ ಇದು ಸುಮಾರು 28 ಪಟ್ಟು ಹೆಚ್ಚಾಗಿ ಭೂಮಿಯನ್ನು ಕಾಯಿಸುತ್ತದೆ. ಸಮಾಧಾನದ ಮಾತೆಂದರೆ ಇದರ ಆಯುಸ್ಸು ಸುಮಾರು 12 ವರ್ಷ. ಇಂದು ಕಡಮೆ ಮಾಡಿದುದರ ಫಲವನ್ನು ನಮ್ಮ ಮಕ್ಕಳೇ ಕಾಣಬಹುದು. ಮನುಷ್ಯರ ಕಾರ್ಯದಿಂದ ಹೊರಡುವ ಇಂತಹ ಅನಿಲಗಳಲ್ಲಿ ಶೇಕಡಾ 14.5 ಭಾಗವು ಪಶುಪಾಲನೆಯಿಂದ ಬರುವುದೆಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯು 2013ರಲ್ಲಿ ಲೆಕ್ಕ ಹಾಕಿತು. ಆ ಭಾಗದಲ್ಲಿ ಶೇಕಡಾ 41 ದನದ ಮಾಂಸದ್ದು. ಶೇಕಡಾ 20 ಹಸುವಿನ ಹಾಲಿನದು.

ಹಾಲಿನದು ಎಂಬ ಮಾತನ್ನು ದಯಮಾಡಿ ಗಮನಿಸಬೇಕು. ನಾವು ನಿರಾತಂಕರಾಗಿ ಕುಳಿತಿರುವುದು ಇದನ್ನು ಮರೆತುದರಿಂದ. ಮೊದಲು ಹೇಳಿದ ವಿದ್ವಾಂಸರ ಜಾಗತಿಕ ಸರಾಸರಿಯಂತೆ, ಮಾಂಸಕ್ಕೆಂದೇ ಸಾಕಿದ ದನದ ಒಂದು ಕಿಲೋ ಮಾಂಸಕ್ಕೆ ಸುಮಾರು 100 ಕಿಲೋ ಅನಿಲದ ಭಾರ. ಬಟಾಣಿಗೆ ಸುಮಾರು ಒಂದೇ ಕಿಲೋ. ಇಷ್ಟನ್ನು ಕೇಳಿ ನಾವು ತಲೆದೂಗುತ್ತೇವೆ. ಆದರೆ ಹಾಲನ್ನು ಗಟ್ಟಿಮಾಡಿದ ಚೀಸಿಗೆ ಸುಮಾರು 24 ಕಿಲೋ, ಕೋಳಿಯ ಮಾಂಸಕ್ಕೆ ಸುಮಾರು 10 ಕಿಲೋ ಎಂದು ಅದೇ ಪಟ್ಟಿಯು ಹೇಳುವಾಗ ತಲೆ ಅಲ್ಲಾಡದು. ನಮ್ಮ ಹಸು ಎಮ್ಮೆಗಳು ಕಾಳನ್ನು ತಿನ್ನದೆ ಕಣಿಕೆಯನ್ನು ತಿನ್ನುತ್ತವೆಂಬುದು ನಿಜ. ಅವು ಕರೆಯುವ ಹಾಲು ಕಡಮೆಯಾದುದರಿಂದ ಪ್ರತಿ ಸೇರಿಗೆ ಬೀಳುವ ಅನಿಲದ ಪಾಲು ಹೆಚ್ಚೆಂಬುದೂ ಅಷ್ಟೇ ನಿಜ. 2019ರ ಗಣತಿಯಲ್ಲಿ ಈ ದೇಶದ ದನಗಳು 19 ಕೋಟಿಗೂ, ಎಮ್ಮೆ ಕೋಣಗಳು ಸುಮಾರು 11 ಕೋಟಿಗೂ ಎಣಿಕೆಯಾದವು. ಹಾಲು ಬತ್ತಿದ ಎಮ್ಮೆಯು ಮುಂದೆ ಎಲ್ಲಿಗೆ ಹೋಯಿತೆಂದು ತುಪ್ಪವನ್ನು ಬಡಿಸಿಕೊಳ್ಳುವವನು ಕೇಳುವುದಿಲ್ಲ. ನಾನೂ ಐವತ್ತು ವರ್ಷ ಕೇಳಿರಲಿಲ್ಲ.

ಜೀವದಯೆಯಿಂದ ಮಾಂಸವನ್ನು ವರ್ಜಿಸಿದ ಹಿರಿಯರ ಮಾರ್ಗವು ಇದರಿಂದ ಕಿರಿದಾಯಿತೆಂದು ಯಾರೂ ಭಾವಿಸಬಾರದು. ದಯೆಯ ಕಾರಣವು ತನ್ನ ಸ್ಥಾನದಲ್ಲಿ ಅಚಲವಾಗಿದೆ. ನಾನು ಹೇಳುವುದಿಷ್ಟೆ: ಭೂಭಾರದ ಕಾರಣವು ಬೇರೆ, ಅದು ಕುಲವನ್ನು ಕೇಳದೆ ತಟ್ಟೆಯನ್ನು ನೋಡುತ್ತದೆ. ಉಣ್ಣುವವರನ್ನು ಹಳಿಯಲು ಇದನ್ನು ಆಯುಧವಾಗಿ ಹಿಡಿಯುವುದಂತೂ ಶರಣಧರ್ಮವಲ್ಲ. ಬೇಟೆಯ ಮಾಂಸವನ್ನು ಶಿವನಿಗೆ ಅರ್ಪಿಸಿದ ಬೇಡರ ಕಣ್ಣಪ್ಪನು ಪುರಾತನರಲ್ಲಿ ಒಬ್ಬನು. ಹರಿಹರನು ಅವನನ್ನು ರಗಳೆಯಲ್ಲಿ ಕೊಂಡಾಡಿದ್ದಾನೆ. ಚರ್ಮದ ಕಾಯಕದ ಹರಳಯ್ಯನೂ ಡೋಹರ ಕಕ್ಕಯ್ಯನೂ ಕಲ್ಯಾಣದಲ್ಲಿ ಪೂಜ್ಯರಾಗಿದ್ದವರು. ನಮ್ಮ ಬಯಲುಸೀಮೆಯಲ್ಲಿ ಬೆಳೆ ಕೊಯ್ದ ಹೊಲದಲ್ಲಿ ಕುರಿಗಳನ್ನು ತರುಬಿ ಗೊಬ್ಬರ ಮಾಡಿಸಿಕೊಳ್ಳದ ರೈತನು ಯಾವನು? ಕಲ್ಲುಭೂಮಿಯ ಹುಲ್ಲನ್ನು ಮೇಯಿಸಿ ಬದುಕುವ ಆ ಕುರುಬನನ್ನೂ, ಕಾಡನ್ನು ಸುಟ್ಟು ಹುಲ್ಲುಗಾವಲು ಮಾಡುವ ಸಾವಿರಾರು ಎಕರೆಯ ಒಡೆಯನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ.

ಹಾಗಾದರೆ ನಾವು ಬಿಡತಕ್ಕದ್ದು ಯಾವುದು? ಹಸುವನ್ನೇ ಬಿಡಿರೆಂದು ಹೇಳುವ ಧೈರ್ಯವೂ ಮನಸ್ಸೂ ನನಗಿಲ್ಲ. ಎಳೆಯ ಮಕ್ಕಳಿಗೆ ಹಾಲು ಬೇಕು, ಹೊಲಕ್ಕೆ ಸಗಣಿ ಬೇಕು. ಆದರೆ ಮದುವೆಯ ಪಂಕ್ತಿಯಲ್ಲಿ ಪ್ರತಿಷ್ಠೆಗಾಗಿ ಹರಿಯುವ ತುಪ್ಪವೂ, ಪನ್ನೀರಿನ ಮೂರು ನಾಲ್ಕು ಬಗೆಗಳೂ ಮಗುವಿನ ಹಾಲಲ್ಲ. ನೀರು ನಿಂತ ಭತ್ತದ ಗದ್ದೆಯಿಂದಲೂ ಮೀಥೇನ್ ಏಳುವುದರಿಂದ, ನಮ್ಮ ಜೋಳ, ನವಣೆಗಳು ದಾಸೋಹಕ್ಕೆ ಮರಳಿ ಬಂದರೆ ಒಳಿತು. ಭಾರತವು ಸೂಚಿಸಿದಂತೆ ವಿಶ್ವಸಂಸ್ಥೆಯು 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿತು. ಆ ವರ್ಷ ಭಾಷಣಗಳು ಬಹಳವಾದವು, ರೊಟ್ಟಿಗಳು ಅಷ್ಟಾಗಲಿಲ್ಲವೆಂದು ನನ್ನ ಅನಿಸಿಕೆ. ಎಲ್ಲಕ್ಕೂ ಮೇಲಾಗಿ ಎಲೆಯಲ್ಲಿ ಬಿಡುವ ಅನ್ನವಿದೆ. 2022ರಲ್ಲಿ ಜಗತ್ತಿನಲ್ಲಿ ಮನೆ, ಅಂಗಡಿ, ಊಟದ ಮನೆಗಳಿಂದ ಸುಮಾರು 105 ಕೋಟಿ ಟನ್ ಆಹಾರವು ಕಸವಾಯಿತೆಂದು ವಿಶ್ವಸಂಸ್ಥೆಯ ಪರಿಸರ ವಿಭಾಗವು ತಿಳಿಸಿದೆ. ತಿಪ್ಪೆಯಲ್ಲಿ ಗಾಳಿಯಿಲ್ಲದೆ ಕೊಳೆಯುವ ಅನ್ನವೂ ಅದೇ ಅನಿಲವನ್ನು ಉಗುಳುತ್ತದೆ. ಪ್ರಸಾದವನ್ನು ಒಂದು ಅಗುಳೂ ಕೆಡಿಸಬಾರದೆಂದು ನಂಬಿದ ಸಮಾಜದ ಜಾತ್ರೆಯಲ್ಲಿ, ಪಂಕ್ತಿ ಎದ್ದ ಮೇಲೆ ಎಲೆಗಳನ್ನು ನಾನು ನೋಡಿದ್ದೇನೆ, ತಾವೂ ನೋಡಿದ್ದೀರಿ.

ಪೂಜ್ಯರ ಅಪ್ಪಣೆಯನ್ನು ಪಡೆದು, ಈ ಮಹೋತ್ಸವದ ಮೂರು ದಿನವೂ ದಾಸೋಹದ ಎಲೆಗಳಲ್ಲಿ ಉಳಿದುದನ್ನು ತೂಗಿಸಿ, ಆ ತೂಕವನ್ನು ಮಹಾದ್ವಾರದ ಹಲಗೆಯ ಮೇಲೆ ಬರೆಯಿಸುವ ಏರ್ಪಾಡಾಗಿದೆ. ಇಂದು ಮಧ್ಯಾಹ್ನದ ಮೊದಲ ಪಂಕ್ತಿಯಿಂದಲೇ ತೂಗಲಾಗುವುದು. ತಕ್ಕಡಿಯನ್ನು ಹಿಡಿಯುವವನು ಆ ಹುಡುಗನೇ.