ಲಗತ್ತು ಕೆಡುವುದು ಎಲ್ಲಿ?

ಇಮೇಲಿನಲ್ಲಿ ಬಂದ ಫೋಟೋ ತೆರೆಯಲು ಹೋದರೆ ಫೋಟೋ ಇಲ್ಲ, ತಲೆಬುಡವಿಲ್ಲದ ಅಕ್ಷರಗಳು ಸಾಲುಗಟ್ಟಿವೆ. ಫೈಲು ಹಾಳಾಯಿತು ಎಂದು ಅಳಿಸಿಬಿಡುವವರೇ ಹೆಚ್ಚು. ದಯವಿಟ್ಟು ಅಳಿಸಬೇಡಿ. ಎಷ್ಟೋ ಸಲ ಫೈಲು ನೆಟ್ಟಗೇ ಇರುತ್ತದೆ, ಎಡವಿರುವುದು ಮೇಲ್ ತಂತ್ರಾಂಶ.

ಈ ತೊಡಕಿನ ಬೇರು ಹಳೆಯದು. 1982ರಲ್ಲಿ ಜಾನ್ ಪೋಸ್ಟೆಲ್ ಬರೆದ ಇಮೇಲ್ ಸಾಗಣೆಯ ನಿಯಮಗಳಲ್ಲಿ ಏಳು ಬಿಟ್ಟಿನ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ ಜಾಗವಿತ್ತು. ಫೋಟೋಗೆ, ಹಾಡಿಗೆ ಎಂಟು ಬಿಟ್ಟು ಬೇಕು. ಮೇರಿ ಆನ್ ಹಾರ್ಟನ್ 1980ರಲ್ಲೇ ಬರ್ಕ್ಲಿಯಲ್ಲಿ ಯುಯುಎನ್‌ಕೋಡ್ ಎಂಬ ತಂತ್ರಾಂಶ ಮಾಡಿ ಫೈಲನ್ನು ಅಕ್ಷರಗಳಾಗಿಸಿದ್ದರು. ಆದರೆ ಅದು ಖಾಲಿ ಜಾಗವನ್ನೂ ಒಂದು ಅಕ್ಷರವೆಂದೇ ಬಳಸುತ್ತಿತ್ತು; ದಾರಿಯಲ್ಲಿ ಯಾವುದೋ ಯಂತ್ರ ಸಾಲಿನ ಕೊನೆಯ ಖಾಲಿ ಜಾಗ ಅಳಿಸಿದರೆ ಎಲ್ಲ ಏರುಪೇರು.

ಆಮೇಲೆ ಬಂದರು ನೋಡಿ, ನನಗೆ ಬಹಳ ಪ್ರಿಯರಾದ ನಥಾನಿಯಲ್ ಬೋರೆನ್‌ಸ್ಟೈನ್! ಆಗ ಅಮೆರಿಕದ ಬೆಲ್‌ಕೋರ್ ಸಂಸ್ಥೆಯಲ್ಲಿದ್ದರು. ಮುಂದೊಂದು ದಿನ ಮೊಮ್ಮಕ್ಕಳ ಫೋಟೋ ಇಮೇಲಿನಲ್ಲೇ ನೋಡಬೇಕು ಎನ್ನುತ್ತಿದ್ದರಂತೆ. ನೆಡ್ ಫ್ರೀಡ್ ಜೊತೆ ಸೇರಿ ಅವರು ರೂಪಿಸಿದ್ದೇ ಮೈಮ್, ಅಂದರೆ ಇಮೇಲಿನಲ್ಲಿ ಲಗತ್ತು ಕಳಿಸುವ ಒಪ್ಪಂದ. 1992ರ ಮಾರ್ಚ್ 11ರಂದು ಬೋರೆನ್‌ಸ್ಟೈನ್ ಕಳಿಸಿದ ಲಗತ್ತಿನಲ್ಲಿ ಏನಿತ್ತು ಗೊತ್ತೇ? ಸಹೋದ್ಯೋಗಿಗಳೊಂದಿಗೆ ಅವರೂ ಹಾಡುತ್ತಿದ್ದ ನಾಲ್ವರ ಗಾಯನ ತಂಡದ ಫೋಟೋ, ಜೊತೆಗೆ ಅವರ ಹಾಡು. ಹಾಡಿನ ವಿಷಯವೂ ಇಮೇಲೇ!

ಮೈಮ್ ಬಳಸುವ ಬೇಸ್64 ವಿಧಾನ ಮೂರು ಬೈಟನ್ನು ನಾಲ್ಕು ಸುರಕ್ಷಿತ ಅಕ್ಷರಗಳಾಗಿಸುತ್ತದೆ. ಹಾಗಾಗಿ ಲಗತ್ತು ಮೂರರಲ್ಲೊಂದು ಪಾಲು ಉಬ್ಬುತ್ತದೆ. ನಮ್ಮ ಕನ್ನಡದ 'ಕ', ಅಕ್ಷರಗಳನ್ನು ಬೈಟುಗಳಾಗಿಸುವ ಯುಟಿಎಫ್-8 ಪದ್ಧತಿಯಲ್ಲಿ, ಸರಿಯಾಗಿ ಮೂರು ಬೈಟು. ಬೇಸ್64ರ ವೇಷದಲ್ಲಿ ಅದು 4, ಎಲ್, ಕೆ, ವಿ. ಪರದೆ ತುಂಬ ಇಂಥದ್ದೇ ಕಂಡರೆ ವೇಷ ಕಳಚಿಲ್ಲ ಎಂದರ್ಥ. ಬೇಸ್64 ಬಿಡಿಸುವ ತಂತ್ರಾಂಶಕ್ಕೆ ಕೊಟ್ಟರೆ ಫೈಲು ಸಿಗುತ್ತದೆ.

ಇಷ್ಟು ಒಳ್ಳೆಯ ಒಪ್ಪಂದವಿದ್ದೂ ಕೆಲವರು ತಮ್ಮದೇ ದಾರಿ ಹಿಡಿದದ್ದು ನನಗೆ ನೋವಿನ ಸಂಗತಿ. ಮೈಕ್ರೋಸಾಫ್ಟಿನ ಔಟ್‌ಲುಕ್‌ನಲ್ಲಿ ರಿಚ್ ಟೆಕ್ಸ್ಟ್ ಆಯ್ಕೆಮಾಡಿ ಕಳಿಸಿದರೆ ಲಗತ್ತುಗಳು ವಿನ್‌ಮೇಲ್ ಡಾಟ್ ಡ್ಯಾಟ್ ಎಂಬ ಒಂದೇ ಕಡತದೊಳಗೆ ಸೇರಿಹೋಗುವುದುಂಟು. ಬೇರೆ ಎಷ್ಟೋ ತಂತ್ರಾಂಶಗಳಿಗೆ ಅದನ್ನು ಬಿಚ್ಚಲು ಬಾರದು. ಅದು ಬಂದರೆ, ಕಳಿಸಿದವರಿಗೆ ಫೋನ್ ಮಾಡಿ. ಸಂದೇಶದ ಮಾದರಿಯನ್ನು ಎಚ್‌ಟಿಎಂಎಲ್‌ಗೆ ಬದಲಿಸಿ, ಅದೇ ಫೈಲನ್ನು ಇನ್ನೊಮ್ಮೆ ಕಳಿಸಲಿ.