ಘಾಟಿಗೆ ತಕ್ಕ ಸ್ವಿಫ್ಟ್ ಬೇಕು
(ಸಣ್ಣ ಕಾರುಗಳ ಆಸಕ್ತರ ಸಮಾವೇಶದಲ್ಲಿ ಮಾಡಿದ ಅಧ್ಯಕ್ಷ ಭಾಷಣ)



ಘಾಟಿಯ ಬುಡದಲ್ಲಿ ಗ್ಯಾರೇಜು ಇಟ್ಟುಕೊಂಡವನನ್ನು ಕರೆದು ಅಧ್ಯಕ್ಷನ ಕುರ್ಚಿಯಲ್ಲಿ ಕೂರಿಸಿದ್ದೀರಿ. ಈ ಗೌರವಕ್ಕೆ ಋಣಿ. ಸ್ವಿಫ್ಟ್ ಕಾರಿನ ಮುಂದಿನ ಆವೃತ್ತಿಗಳು ಹೇಗಿರಬೇಕು ಎಂದು ನೀವೆಲ್ಲ ಬರೆದುಕೊಟ್ಟ ಚೀಟಿಗಳನ್ನು ಸಂಘಟಕರು ನನಗೆ ಮೊದಲೇ ಕಳಿಸಿದ್ದರು. ಒಂದೊಂದನ್ನೂ ಓದಿದ್ದೇನೆ. ಹೆಚ್ಚಿನವರ ಆಸೆ ಒಂದೇ. ಹೊರದೇಶಗಳಲ್ಲಿ ಮಾರಾಟವಾದ ಸ್ವಿಫ್ಟ್ ಸ್ಪೋರ್ಟ್ ನಮ್ಮಲ್ಲಿಗೂ ಬರಲಿ ಅನ್ನುವುದು. ಆ ಆಸೆ ನನಗೂ ಇತ್ತು, ಇದೆ. ಆದರೂ ಇವತ್ತು ನಿಮ್ಮ ಮುಂದೆ ಇಡಲು ಬಂದಿರುವ ಮಾತು ಬೇರೆ. ಆ ಕಾರನ್ನು ಹಾಗೆಯೇ ತಂದುಕೊಡಿ ಎಂದು ಕೇಳುವುದನ್ನು ಬಿಟ್ಟು, ಅದರಲ್ಲಿರುವ ಗುಣವನ್ನು ನಮ್ಮ ರಸ್ತೆಗೆ, ನಮ್ಮ ತೆರಿಗೆಗೆ, ನಮ್ಮ ಜೇಬಿಗೆ ಹೊಂದುವಂತೆ ಕೇಳೋಣ.

ಮೊದಲು ಆ ಗುಣ ಯಾವುದು ನೋಡೋಣ. 2005ರಲ್ಲಿ ಬಂದ ಸ್ವಿಫ್ಟ್ ಸ್ಪೋರ್ಟ್‌ನಲ್ಲಿ 1.6 ಲೀಟರ್ ಪೆಟ್ರೋಲ್ ಎಂಜಿನ್, 125 ಪಿಎಸ್ ಶಕ್ತಿ. ಅದರ ನಂತರ ಬಂದದ್ದರಲ್ಲಿ ಅದೇ 1.6 ಲೀಟರ್ ಎಂಜಿನ್ 136 ಪಿಎಸ್‌ಗೆ ಏರಿತು. 2017ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಮೂರನೆಯದರಲ್ಲಿ 1.4 ಲೀಟರ್ ಟರ್ಬೊ ಬಂತು, ಶಕ್ತಿ 140 ಪಿಎಸ್. ಹನ್ನೆರಡು ವರ್ಷದಲ್ಲಿ ಏರಿದ್ದು ಇಷ್ಟೇ. ತೂಕದ ಕಡೆ ನೋಡಿ. ಎರಡನೆಯ ಕಾರು 1050 ಕೆಜಿ ಇತ್ತು, ಮೂರನೆಯದು 970 ಕೆಜಿಗೆ ಇಳಿಯಿತು. ಇದರ ನಡುವೆ ಬೇರೆ ಕಂಪನಿಗಳ ಎಷ್ಟೋ ಕಾರುಗಳು ಒಂದೊಂದು ತಲೆಮಾರಿಗೂ ಮೈ ಬೆಳೆಸಿಕೊಳ್ಳುತ್ತಿದ್ದವು. ಎಂಬತ್ತು ಕೆಜಿ ಅಂದರೆ ಒಬ್ಬ ಆಳನ್ನು ಕಾರಿನಿಂದ ಇಳಿಸಿದ ಹಾಗೆ. ತಿರುವಿನಲ್ಲಿ, ಬ್ರೇಕಿನಲ್ಲಿ, ಟೈರಿನ ಆಯುಸ್ಸಿನಲ್ಲಿ, ಕುಡಿಯುವ ಪೆಟ್ರೋಲಿನಲ್ಲಿ, ಎಲ್ಲ ಕಡೆಗೂ ಅದರ ಲಾಭ ಸಿಗುತ್ತದೆ. ಸ್ವಿಫ್ಟ್ ಸ್ಪೋರ್ಟ್‌ನ ಜೀವ ಇರುವುದು ಈ ಹಗುರದಲ್ಲಿ.

ಹಾಗಾದರೆ ಅದೇ ಕಾರು ಇಲ್ಲಿಗೇಕೆ ಬರಲಿಲ್ಲ? ಸ್ವಿಫ್ಟ್ ತಯಾರಿಸುವ ಕಂಪನಿಯ ಮನಸ್ಸಿನಲ್ಲಿ ಏನಿತ್ತೋ ನಾನು ಹೇಳಲಾರೆ. ತೆರಿಗೆಯ ಲೆಕ್ಕವನ್ನು ಮಾತ್ರ ಹೇಳಬಲ್ಲೆ. 2006ರ ಕೇಂದ್ರ ಬಜೆಟ್ ಸಣ್ಣ ಕಾರಿಗೆ ಒಂದು ಗೆರೆ ಎಳೆಯಿತು. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ, ಡೀಸೆಲ್ ಎಂಜಿನ್ 1500 ಸಿಸಿ ಮೀರಬಾರದು. ಈ ಗೆರೆಯೊಳಗಿದ್ದರೆ ಅಬಕಾರಿ ಸುಂಕ ಶೇ 24ರಿಂದ 16ಕ್ಕೆ ಇಳಿಯಿತು. 2005ರಲ್ಲಿ ಇಲ್ಲಿಗೆ ಬಂದ ನಮ್ಮ ಮೊದಲ ಸ್ವಿಫ್ಟ್‌ನ ಪೆಟ್ರೋಲ್ ಎಂಜಿನ್ 1298 ಸಿಸಿ, ಗೆರೆಯಿಂದ ಆಚೆಗೆ ಬಿತ್ತು. 2010ರಲ್ಲಿ 1197 ಸಿಸಿಯ ಕೆ ಸರಣಿ ಎಂಜಿನ್ ಬಂದ ಮೇಲೆಯೇ ಪೆಟ್ರೋಲ್ ಸ್ವಿಫ್ಟ್ ಒಳಗೆ ಬಂದದ್ದು. ಆ 1.3 ಲೀಟರ್ ಎಂಜಿನ್ನಿನ ಸದ್ದನ್ನು ಇವತ್ತಿಗೂ ನೆನೆಯುವವರು ಈ ಸಭೆಯಲ್ಲಿ ಅನೇಕರಿದ್ದೀರಿ.

ಈಗಲೂ ಗೆರೆ ಅಲ್ಲೇ ಇದೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯೊಳಗಿನ ಕಾರಿಗೆ ಜಿಎಸ್‌ಟಿ ಶೇ 18, ಆಚೆಯದಕ್ಕೆ ಶೇ 40. ಒಂದು ಲೆಕ್ಕ ಹಾಕಿ ತೋರಿಸುತ್ತೇನೆ. ತೆರಿಗೆಗೆ ಮುಂಚೆ ಏಳೂವರೆ ಲಕ್ಷ ಬೀಳುವ ಒಂದು ಕಾರು ಅಂದುಕೊಳ್ಳಿ. ಗೆರೆಯೊಳಗಿದ್ದರೆ ಶೋರೂಮಿನ ಬೆಲೆ 8.85 ಲಕ್ಷ. 1.4 ಲೀಟರ್ ಎಂಜಿನ್ ಕೂರಿಸಿ ಹೊರಗೆ ಹೋದರೆ 10.50 ಲಕ್ಷ. ಅಲ್ಲಿಗೆ ಮುಗಿಯುವುದಿಲ್ಲ. ನಮ್ಮ ರಾಜ್ಯದಲ್ಲಿ ಹತ್ತು ಲಕ್ಷದೊಳಗಿನ ಈ ಕಾರಿಗೆ ಆಜೀವ ತೆರಿಗೆ ಶೇ 14, ಹತ್ತು ದಾಟಿದರೆ ಶೇ 17, ಸೆಸ್ ಬೇರೆ. ಒಂದಕ್ಕೆ 1,23,900 ರೂಪಾಯಿ ಕಟ್ಟಿದರೆ ಇನ್ನೊಂದಕ್ಕೆ 1,78,500. ಕೀಲಿ ಕೈಗೆ ಬರುವ ಹೊತ್ತಿಗೆ ಎರಡು ಲಕ್ಷಕ್ಕೂ ಮೀರಿದ ಅಂತರ. ಆ ದುಡ್ಡಿನಲ್ಲಿ ಒಂದು ನಯಾಪೈಸೆಯೂ ಬ್ರೇಕಿಗಾಗಲಿ ಸಸ್ಪೆನ್ಷನ್ನಿಗಾಗಲಿ ಹೋಗುವುದಿಲ್ಲ. ಸ್ವಿಫ್ಟ್ ಸ್ಪೋರ್ಟ್ ಇಲ್ಲಿಗೆ ಬಂದರೆ ನಾವು ಕೊಳ್ಳಬೇಕಾಗಿರುವುದು ಈ ಲೆಕ್ಕದಲ್ಲಿ.

ಗೆರೆಯೊಳಗೇ ಒಂದು ಎಂಜಿನ್ ಇದೆ. 998 ಸಿಸಿಯ ಮೂರು ಸಿಲಿಂಡರ್ ಬೂಸ್ಟರ್‌ಜೆಟ್ ಟರ್ಬೊ. 2017ರಲ್ಲಿ ಸ್ವಿಫ್ಟ್ ಕಂಪನಿಯದೇ ಆದ ಬಲೆನೊ ಆರ್‌ಎಸ್‌ನಲ್ಲಿ 102 ಪಿಎಸ್ ಶಕ್ತಿ, 150 ಎನ್‌ಎಂ ಎಳೆತ ಕೊಟ್ಟಿತು. 2023ರಲ್ಲಿ ಫ್ರಾಂಕ್ಸ್‌ನಲ್ಲಿ 100 ಪಿಎಸ್‌ನೊಂದಿಗೆ ಮರಳಿ ಬಂತು. 2024ರ ಸ್ವಿಫ್ಟ್‌ನ ತೂಕ ಸುಮಾರು 920 ಕೆಜಿ, ಅದರ 1.2 ಲೀಟರ್ ಎಂಜಿನ್ ಕೊಡುವುದು 82 ಪಿಎಸ್, 112 ಎನ್‌ಎಂ. ಈ ಮೈಗೆ ಆ ಟರ್ಬೊ ಕೂರಿಸಿ, ಇಂಟರ್‌ಕೂಲರ್, ದೊಡ್ಡ ಬ್ರೇಕು ಎಲ್ಲ ಸೇರಿಸಿದರೂ ಕಾರು ಒಂದು ಟನ್ನಿನೊಳಗೆ ನಿಲ್ಲಬೇಕು, ಅದೇ ನನ್ನ ಹಟ. ಸಂಖ್ಯೆ ನೋಡಿ ನೂರು ಪಿಎಸ್ ಸಾಲದು ಅನ್ನುವ ಯುವಕರಿಗೆ ನನ್ನ ಮನವಿ ಇಷ್ಟು. ಸೋಮೇಶ್ವರದಿಂದ ಆಗುಂಬೆಗೆ ಹದಿನಾಲ್ಕು ತಿರುವು ಹತ್ತುವಾಗ ಎಂಜಿನ್ 6000 ಸುತ್ತಿಗೆ ಹೋಗುವ ಅವಕಾಶವೇ ಸಿಗುವುದಿಲ್ಲ. ಅಲ್ಲಿ ಬೇಕಾಗುವುದು 2000 ಸುತ್ತಿನ ಹತ್ತಿರ ಸಿಗುವ ಎಳೆತ. 112 ಎನ್‌ಎಂಗೂ 150 ಎನ್‌ಎಂಗೂ ಇರುವ ವ್ಯತ್ಯಾಸ ಪ್ರತಿ ತಿರುವಿನಿಂದ ಹೊರಬರುವಾಗಲೂ ಬಲಗಾಲಿಗೆ ಗೊತ್ತಾಗುತ್ತದೆ.

ಈಗ ಬ್ರೇಕಿನ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿ ಹೇಳಲು ಅಪ್ಪಣೆ ಕೊಡಿ, ಯಾಕೆಂದರೆ ಚೀಟಿಗಳಲ್ಲಿ ಎಂಜಿನ್ನಿಗೆ ಸಿಕ್ಕ ಜಾಗ ಇದಕ್ಕೆ ಸಿಕ್ಕಿಲ್ಲ.

ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಬರುವ ಕಾರುಗಳು ನನ್ನ ಗ್ಯಾರೇಜಿಗೆ ತಲುಪುವ ಮೊದಲೇ ಅವುಗಳ ವಾಸನೆ ತಲುಪುತ್ತದೆ. ಸುಟ್ಟ ಲೈನಿಂಗಿನ ವಾಸನೆ. ಚಕ್ರ ಬಿಚ್ಚಿದರೆ ಮುಂದಿನ ಡಿಸ್ಕ್ ನೀಲಿ ತಿರುಗಿರುತ್ತದೆ, ಪ್ಯಾಡಿನ ಮುಖ ಗಾಜಿನಂತೆ ಹೊಳೆಯುತ್ತಿರುತ್ತದೆ. ಓಡಿಸಿದವರು ಹೇಳುವುದು ಒಂದೇ ಮಾತು, "ಅಣ್ಣಾ, ಪೆಡಲ್ ಒಳಗೇ ಹೋಗಿಬಿಡ್ತು." ಪೆಡಲ್ ಹಾಗೆ ಹೋಗುವುದು ಬ್ರೇಕ್ ಆಯಿಲ್ ಕುದಿದು ಒಳಗೆ ಆವಿಯ ಗುಳ್ಳೆ ಕಟ್ಟಿದಾಗ. ದ್ರವ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ, ಆವಿ ತಾನೇ ಕುಗ್ಗಿಬಿಡುತ್ತದೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಅನ್ನುವುದು ನಿಯಮ. ತೇವ ಹೀರಿಕೊಂಡ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ತೇವ ಹೀರುವುದು ಅದರ ಸ್ವಭಾವ, ಮಲೆನಾಡಿನ ಮಳೆಗಾಲದಲ್ಲಂತೂ ಕೇಳಬೇಕೆ? ಆದ್ದರಿಂದ ಈ ಸಭೆಯಲ್ಲಿರುವ ಎಲ್ಲರೂ, ಯಾವ ಕಾರೇ ಇರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಾಯಿಸಿ. ಇಳಿಯುವಾಗ ಎರಡನೇ ಗೇರಿನಲ್ಲಿ ಎಂಜಿನ್ನೇ ಕಾರನ್ನು ತಡೆಯಲಿ.

ಬಹಳ ಮಂದಿ ಹಿಂದಿನ ಚಕ್ರಕ್ಕೂ ಡಿಸ್ಕ್ ಬೇಕು ಎಂದು ಬರೆದಿದ್ದೀರಿ. ಈಗಿನ ಸ್ವಿಫ್ಟ್‌ನಲ್ಲಿ ಹಿಂದೆ ಡ್ರಮ್ ಇದೆ, ಬಲೆನೊ ಆರ್‌ಎಸ್‌ನಲ್ಲಿ ನಾಲ್ಕೂ ಡಿಸ್ಕ್ ಇದ್ದವು. ಬೇಡಿಕೆ ಸರಿಯಾದದ್ದೇ. ಆದರೆ ನಾನು ಅದನ್ನು ಎರಡನೆಯ ಸಾಲಿಗೆ ಇಡುತ್ತೇನೆ. ಮುಂದೆ ಎಂಜಿನ್ ಇರುವ ಹಗುರ ಕಾರಿನಲ್ಲಿ, ಅದರಲ್ಲೂ ಇಳಿಜಾರಿನಲ್ಲಿ, ಭಾರವೆಲ್ಲ ಮುಂದಕ್ಕೆ ವಾಲುತ್ತದೆ. ನಿಲ್ಲಿಸುವ ಕೆಲಸದ ಬಹುಪಾಲು ಮುಂದಿನ ಡಿಸ್ಕ್‌ನದು. ಅವುಗಳ ವ್ಯಾಸ ದೊಡ್ಡದಾಗಲಿ, ಪ್ಯಾಡು ಹೆಚ್ಚು ಬಿಸಿ ತಾಳುವಂಥದ್ದಾಗಲಿ, ಗಾಳಿ ಆಡಲು ದಾರಿ ಇರಲಿ. ಇಷ್ಟು ಮಾಡಿ, ಆಮೇಲೆ ಹಿಂದೆ ಡಿಸ್ಕ್ ಕೊಡಲಿ.

ಗೇರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯಾನ್ಯುಯಲ್ ಗೇರ್ ಬೇಕೇಬೇಕು. ಎಎಂಟಿ ಪೇಟೆಯ ದಟ್ಟಣೆಯಲ್ಲಿ ದೊಡ್ಡ ಉಪಕಾರಿ, ಮಂಡಿನೋವಿನವರಿಗಂತೂ ವರ. ಆದರೆ ಹೇರ್‌ಪಿನ್ ತಿರುವಿನ ನಡುಮಧ್ಯೆ ಅದು ಗೇರ್ ಬದಲಿಸಲು ಹೊರಟಾಗ ಅರೆಕ್ಷಣ ಎಳೆತವೇ ಇರುವುದಿಲ್ಲ. ಆರು ಗೇರ್ ಇದ್ದರೆ ಸಂತೋಷ. ಐದೇ ಇದ್ದರೂ ಎರಡನೆಯದಕ್ಕೂ ಮೂರನೆಯದಕ್ಕೂ ಇರುವ ಅಂತರ ಕಡಿಮೆಯಾಗಲಿ. ಘಾಟಿಯಲ್ಲಿ ಎರಡರಲ್ಲಿ ಎಂಜಿನ್ ಕಿರುಚುತ್ತದೆ, ಮೂರಕ್ಕೆ ಹಾಕಿದರೆ ಉಸಿರು ಕಟ್ಟುತ್ತದೆ ಅನ್ನುವುದು ನಿಮಗೆಲ್ಲ ಗೊತ್ತಿರುವ ಕಷ್ಟ.

ಕಾರನ್ನು ನೆಲಕ್ಕೆ ತಗ್ಗಿಸಿ ಕೊಡಿ ಎಂದು ಕೆಲವರು ಕೇಳಿದ್ದೀರಿ. ಜಪಾನಿನ ಸ್ವಿಫ್ಟ್ ಸ್ಪೋರ್ಟ್‌ಗೂ ನೆಲಕ್ಕೂ ನಡುವೆ 120 ಮಿಲಿಮೀಟರ್, ನಮ್ಮ ಸ್ವಿಫ್ಟ್‌ಗೆ 163. ನಮ್ಮ ಊರುಗಳ ಅವೈಜ್ಞಾನಿಕ ಉಬ್ಬುಗಳ ಮೇಲೆ 120 ಮಿಲಿಮೀಟರ್ ಕಾರನ್ನು ದಾಟಿಸುವುದು ಆಗದ ಮಾತು. ಎತ್ತರ ಇದ್ದ ಹಾಗೇ ಇರಲಿ. ಡ್ಯಾಂಪರ್ ಒಳ್ಳೆಯದಾಗಲಿ, ಮುಂದಿನ ಚಕ್ರಗಳ ಸುದ್ದಿಯನ್ನು ಸ್ಟೀರಿಂಗ್ ಕೈಗೆ ಮುಟ್ಟಿಸಲಿ. ಟೈರು ಅಲ್ಲಿಯ 195/45 ಆರ್17 ಬೇಡ, ಒಂದು ಗುಂಡಿಗೆ ರಿಮ್ ಬಾಗುತ್ತದೆ. ಬಲೆನೊಗೆ ಬರುವ 195/55 ಆರ್16 ಸಾಕು, ಸಣ್ಣ ಊರಿನ ಟೈರ್ ಅಂಗಡಿಯಲ್ಲೂ ಸಿಗುವ ಅಳತೆ.

ಇವನ್ನೆಲ್ಲ ನಾವೇ ಗ್ಯಾರೇಜಿನಲ್ಲಿ ಮಾಡಿಕೊಂಡರಾಯಿತಲ್ಲ ಎಂದು ಒಬ್ಬ ತಮ್ಮ ಬರೆದಿದ್ದಾನೆ. ಆ ತಮ್ಮನಿಗೆ ಅಕ್ಕರೆಯಿಂದಲೇ ಹೇಳುತ್ತೇನೆ, ಬೇಡಪ್ಪ. ಕಂಪನಿ ನಮೂದಿಸಿ ಅನುಮೋದನೆ ಪಡೆದ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ ಎಂದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಆಧಾರದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ಕೊಟ್ಟಿದೆ. ಅಪಘಾತವಾದಾಗ ವಿಮೆಯವರು ಮೊದಲು ಹುಡುಕುವುದೂ ಅಂಥ ಬದಲಾವಣೆಯನ್ನೇ. ಹಾಗಾಗಿ ಒಳ್ಳೆಯ ಬ್ರೇಕು, ಒಳ್ಳೆಯ ಡ್ಯಾಂಪರು ಕಾನೂನುಬದ್ಧವಾಗಿ ಬೇಕೆಂದರೆ ಅವು ಕಾರ್ಖಾನೆಯಿಂದಲೇ ಹೊಸ ಆವೃತ್ತಿಯಾಗಿ ಬರಬೇಕು. ನಮ್ಮ ಬೇಡಿಕೆಗೆ ಇಷ್ಟು ಗಟ್ಟಿಯಾದ ಕಾರಣ ಇನ್ನೊಂದಿಲ್ಲ. ಇದು ಷೋಕಿಯ ಮಾತಲ್ಲವೆಂದು ಅಧಿಕಾರಿಗಳಿಗೂ ಕಂಪನಿಗೂ ಮನವರಿಕೆ ಮಾಡಿಕೊಡಬಹುದಾದದ್ದು ಇಲ್ಲಿಯೇ.

ಹಿಂದೆ ಬಂದುಹೋದ ಕಾರುಗಳನ್ನೂ ನೆನೆಯಬೇಕು. 2015ರ ಅಬಾರ್ತ್ ಪುಂಟೊ 1.4 ಲೀಟರ್ ಟರ್ಬೊದಿಂದ 145 ಅಶ್ವಶಕ್ತಿ ಕೊಟ್ಟಿತು, ಹತ್ತು ಲಕ್ಷದೊಳಗೆ. ಕೊಯಮತ್ತೂರಿನ ಜಯೆಂ ಜೊತೆ ಸೇರಿ ಟಾಟಾದವರು 2018ರಲ್ಲಿ ಟಿಯಾಗೊ ಜೆಟಿಪಿ ತಂದರು, ಏಳು ಲಕ್ಷಕ್ಕೂ ಕಡಿಮೆ ಬೆಲೆಗೆ. ಬಿಎಸ್ 6 ಮಾಲಿನ್ಯ ನಿಯಮ ಜಾರಿಯಾದ 2020ರ ಹೊತ್ತಿಗೆ ಜೆಟಿಪಿಯೂ ಇಲ್ಲ, ಬಲೆನೊ ಆರ್‌ಎಸ್ಸೂ ಇಲ್ಲ. ಪೋಲೊ ಜಿಟಿ ಮಾತ್ರ 2013ರಿಂದ 2022ರವರೆಗೆ ಉಳಿಯಿತು. ಯಾಕೆ? ಅದು ಮಾಮೂಲಿ ಪೋಲೊದ ಜೊತೆಯಲ್ಲೇ ನಿಂತಿತ್ತು, ಮನೆಯವರೆಲ್ಲ ಕೂತು ಹೋಗುವ ಕಾರಾಗಿತ್ತು, ಬಾಗಿಲು ಹಾಕಿದರೆ ಗಟ್ಟಿ ಸದ್ದು ಬರುತ್ತಿತ್ತು, ಮರುಮಾರಾಟದಲ್ಲೂ ಬೆಲೆ ಇತ್ತು. ಬಲೆನೊ ಆರ್‌ಎಸ್ ಒಳ್ಳೆಯ ಕಾರು, ಆದರೆ ಪಕ್ಕದಲ್ಲಿ ನಿಂತ ಮಾಮೂಲಿ ಬಲೆನೊಗಿಂತ ಬೇರೆ ಎಂದು ಕಣ್ಣಿಗೆ ಅಷ್ಟಾಗಿ ಕಾಣುತ್ತಿರಲಿಲ್ಲ. ಹುಂಡೈ ಐ20 ಎನ್ ಲೈನ್ ಆ ಪಾಠ ಕಲಿತಿದೆ. ನೋಟ, ಎಗ್ಸಾಸ್ಟಿನ ಸದ್ದು ಎರಡನ್ನೂ ಬೇರೆ ಮಾಡಿ, 2023ರಲ್ಲಿ ಆರು ಗೇರಿನ ಮ್ಯಾನ್ಯುಯಲ್ಲನ್ನೂ ಕೊಟ್ಟಿತು. ನಮ್ಮ ಸ್ವಿಫ್ಟ್‌ಗೂ ತನ್ನದೇ ಬಣ್ಣ, ಹಿಡಿತವಿರುವ ಸೀಟು ಬೇಕು. ಸನ್‌ರೂಫ್ ಬೇಡ. ಅದು ತೂಕವನ್ನು ತಲೆಯ ಮೇಲೆ ಹೊರಿಸುತ್ತದೆ. ಆರು ಏರ್‌ಬ್ಯಾಗ್, ಇಎಸ್‌ಸಿ ಈಗಾಗಲೇ ಎಲ್ಲ ಸ್ವಿಫ್ಟ್‌ಗಳಲ್ಲೂ ಇವೆ, ಅವುಗಳಲ್ಲಿ ಒಂದನ್ನೂ ಬಿಟ್ಟುಕೊಡುವ ಮಾತಿಲ್ಲ.

ವಿದ್ಯುತ್ ಕಾರಿನ ಆಸೆ ಬರೆದವರಿಗೂ ಒಂದು ಮಾತು. ಯುರೋಪಿನಲ್ಲಿ ಆಲ್ಪೈನ್ ಎ290ಯಂಥ ಚುರುಕು ಕಾರು ಬಂದಿದೆ, ಆದರೆ ತೂಕ ಸುಮಾರು ಒಂದೂವರೆ ಟನ್. ಬ್ಯಾಟರಿ ಹಗುರಾಗುವ ದಿನ ಬಂದರೆ ಇದೇ ವೇದಿಕೆಯಲ್ಲಿ ಅದರ ಪರವಾಗಿ ಮಾತಾಡಲು ನಾನೇ ಮೊದಲು ನಿಲ್ಲುತ್ತೇನೆ. ಅಲ್ಲಿಯವರೆಗೆ ಪೆಟ್ರೋಲಿನಲ್ಲೇ ಮಾಡಬಹುದಾದದ್ದಿದೆ. ಎಥನಾಲ್‌ಗೆ ಆಕ್ಟೇನ್ ಹೆಚ್ಚು. ಇ20 ಇಂಧನ ಹೇಗೂ ಬಂದಾಗಿದೆ, ಟರ್ಬೊ ಎಂಜಿನ್ನನ್ನು ಅದಕ್ಕೆಂದೇ ಹದಗೊಳಿಸಲು ಕೇಳೋಣ.

ಇಂಥ ಕಾರು ಸಿಕ್ಕಿದರೆ ಎಲ್ಲಿ ಓಡಿಸುತ್ತೀರಿ ಅನ್ನುವ ಪ್ರಶ್ನೆಯನ್ನು ನಿಮ್ಮ ಮನೆಯವರು ಕೇಳಿಯೇ ಕೇಳುತ್ತಾರೆ. ಘಾಟಿ ರಸ್ತೆ ಬಸ್ಸಿನದು, ಶಾಲೆಯ ವ್ಯಾನಿನದು, ದನಕರುಗಳದು. ಅಲ್ಲಿ ಈ ಕಾರು ಕೊಡುವ ಸುಖವನ್ನು ವೇಗದ ಮಿತಿಯೊಳಗೇ ಪಡೆಯಬಹುದು, ಹಗುರ ಕಾರಿನ ಹೆಚ್ಚುಗಾರಿಕೆಯೇ ಅದು. ಅದಕ್ಕೂ ಮೀರಿದ ವೇಗ ಬೇಕೆಂದರೆ ಕೊಯಮತ್ತೂರಿನ, ಚೆನ್ನೈನ ಟ್ರ್ಯಾಕುಗಳಿವೆ. ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಲ್ಲಿ ದಾರಿ ಮುಚ್ಚಿ ನಡೆಸುವ ರ್‍ಯಾಲಿಗಳಿವೆ. ಕಂಪನಿ ಇಂಥ ಆವೃತ್ತಿ ತಂದರೆ, ಕೊಂಡವರಿಗೆ ವರ್ಷಕ್ಕೊಂದು ದಿನ ಟ್ರ್ಯಾಕಿನಲ್ಲಿ ತರಬೇತಿ ಕೊಡಬೇಕೆಂದೂ ಕೇಳೋಣ.

ಮಧ್ಯಾಹ್ನದ ಗೋಷ್ಠಿಯಲ್ಲಿ ಮನವಿಪತ್ರದ ಕರಡು ನಿಮ್ಮ ಕೈಗೆ ಬರುತ್ತದೆ. 998 ಸಿಸಿ ಟರ್ಬೊ, ಒಂದು ಟನ್ನಿನೊಳಗಿನ ತೂಕ, ಮ್ಯಾನ್ಯುಯಲ್ ಗೇರು, ಘಾಟಿ ತಾಳುವ ಬ್ರೇಕು, ಹತ್ತು ಲಕ್ಷದೊಳಗಿನ ಬೆಲೆ, ಇಷ್ಟನ್ನೇ ಅದರಲ್ಲಿ ಬರೆದಿದೆ. ಸೇರಿಸಬೇಕಾದ್ದಿದ್ದರೆ ಹೇಳಿ, ತೆಗೆಯಬೇಕಾದ್ದಿದ್ದರೆ ಜಗಳವಾಡಿಯಾದರೂ ತೆಗೆಸಿ. ಸಹಿಯ ಪಕ್ಕದಲ್ಲಿ ಇನ್ನೊಂದು ಖಾಲಿ ಕಲಂ ಇಡಿಸಿದ್ದೇನೆ. ಕಾರು ಬಂದ ವರ್ಷವೇ ಮುಂಗಡ ಕಟ್ಟಿ ಬುಕ್ ಮಾಡುವವರು ಅಲ್ಲಿ ಗುರುತು ಹಾಕಬೇಕು. ಇಲ್ಲಿಯವರೆಗೆ ಸ್ವಿಫ್ಟ್ ನಮ್ಮ ದೇಶದಲ್ಲಿ ಮೂವತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿದೆ, ಆ ಲೆಕ್ಕ ನೋಡುವವರ ಮೇಜಿಗೆ ನಮ್ಮ ಪತ್ರ ಹೋಗಲಿರುವುದರಿಂದ ನಿಜವಾಗಿಯೂ ಕೊಳ್ಳುವವರಷ್ಟೇ ಗುರುತು ಹಾಕಿ. ನನ್ನ ಹೆಸರಿನ ಮುಂದೆ ಆಗಲೇ ಹಾಕಿದ್ದೇನೆ.