ನೀರಿನಡಿಯ ಉಸಿರು: ಮೊದಲ ರೆಗ್ಯುಲೇಟರ್ ಕೊಳ್ಳುವ ಮುನ್ನ



ಕೊಳ್ಳೇಗಾಲ, ಹನೂರು, ಯಳಂದೂರು ಕಡೆಯ ಹಳ್ಳಿಗಳಲ್ಲಿ ಬಾವಿಯಲ್ಲಿ ಈಜು ಕಲಿತವರು ಬಹಳ ಮಂದಿ. ಈಜು ಬಂದ ಹುಡುಗರಿಗೆ ಒಂದಲ್ಲ ಒಂದು ದಿನ ಹೊಳೆಯುವ ಉಪಾಯವೊಂದಿದೆ. ಪರಂಗಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿ ಕಚ್ಚಿಕೊಂಡು, ಅದರ ಇನ್ನೊಂದು ತುದಿಯನ್ನು ನೀರಿನ ಮೇಲೆ ಬಿಟ್ಟು, ಒಳಗೇ ಉಸಿರಾಡುತ್ತ ಕೂರುವುದು. ಒಂದು ಗೇಣು ಆಳದಲ್ಲಿ ಇದು ಹೇಗೋ ನಡೆಯುತ್ತದೆ. ದಂಟನ್ನು ಉದ್ದ ಮಾಡಿ ಇನ್ನೂ ಕೆಳಗೆ ಹೋದರೆ ನಡೆಯುವುದಿಲ್ಲ. ಗಾಳಿಯ ದಾರಿ ತೆರೆದೇ ಇರುತ್ತದೆ, ಎದೆ ಮಾತ್ರ ಹಿಗ್ಗುವುದಿಲ್ಲ.

ಕಾರಣ ನಿಮ್ಮ ಭೌತಶಾಸ್ತ್ರದ ಪುಸ್ತಕದಲ್ಲಿಯೇ ಇದೆ. 10 ಮೀಟರ್ ನೀರು ಒಂದು ವಾಯುಭಾರದಷ್ಟು ಒತ್ತಡವನ್ನು ಉಂಟುಮಾಡುತ್ತದೆ. ಅಂದರೆ ಒಂದೇ ಮೀಟರ್ ಆಳದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ 100 ಗ್ರಾಂ ಹೆಚ್ಚುವರಿ ಭಾರ. ಗೇಣುದ್ದ ಗೇಣಗಲದ ಎದೆಯ ಭಾಗವನ್ನು ಲೆಕ್ಕಕ್ಕೆ ಹಿಡಿದರೆ ಸುಮಾರು 50 ಕಿಲೋ, ಒಂದು ಮೂಟೆ ಸಿಮೆಂಟಿನ ತೂಕ! ಅದನ್ನು ಎತ್ತಿ ಎತ್ತಿ ಉಸಿರೆಳೆಯುವ ಶಕ್ತಿ ನಮ್ಮ ಪಕ್ಕೆಲುಬುಗಳ ಸ್ನಾಯುಗಳಿಗೆ ಇಲ್ಲ. ನೀರಿನಡಿ ಉಸಿರಾಡಬೇಕಾದರೆ ಸುತ್ತಲಿನ ನೀರಿಗೆ ಎಷ್ಟು ಒತ್ತಡವಿದೆಯೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ಬರಬೇಕು. ಇದನ್ನು ಒದಗಿಸುವ ಸಾಧನವೇ ಸ್ಕೂಬಾ ರೆಗ್ಯುಲೇಟರ್. ಇಂದಿನ ಮಾತು ಅದನ್ನು ಕುರಿತದ್ದು.

ರೆಗ್ಯುಲೇಟರ್ ಎಂಬ ಹೆಸರು ನಮಗೆ ಹೊಸದಲ್ಲ. ಫ್ಯಾನಿಗೂ ಇದೆ, ಅಡುಗೆಮನೆಯ ಗ್ಯಾಸ್ ಸಿಲಿಂಡರಿಗೂ ಇದೆ. ಗ್ಯಾಸಿನ ರೆಗ್ಯುಲೇಟರ್ ಸಿಲಿಂಡರಿನ ಒತ್ತಡವನ್ನು ತಗ್ಗಿಸಿ ಒಲೆಗೆ ಒಂದೇ ಸಮನಾಗಿ ಕಳುಹಿಸುತ್ತದೆ. ಮುಳುಗುಗಾರನ ರೆಗ್ಯುಲೇಟರಿನ ಕೆಲಸ ಇದಕ್ಕಿಂತ ಕಷ್ಟದ್ದು, ಅದು ಆಳ ಬದಲಾದ ಹಾಗೆಲ್ಲ ಒತ್ತಡವನ್ನೂ ಬದಲಿಸುತ್ತಿರಬೇಕು. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಗಾಳಿ ಸುಮಾರು 200 ಬಾರ್ ಒತ್ತಡದಲ್ಲಿರುತ್ತದೆ, ಕಾರಿನ ಚಕ್ರದಲ್ಲಿರುವುದರ ನೂರು ಪಟ್ಟು. (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಭಾರ. ಇನ್ನೊಂದು ಮಾತು: ಅದರಲ್ಲಿರುವುದು ನಾವು ಉಸಿರಾಡುವ ಸಾಧಾರಣ ಗಾಳಿಯೇ. ಪತ್ರಿಕೆಗಳು ಅದನ್ನು ಆಮ್ಲಜನಕದ ಸಿಲಿಂಡರ್ ಎಂದು ಬರೆಯುವುದುಂಟು, ಅದು ಸರಿಯಲ್ಲ.) ಸಿಲಿಂಡರಿನ ಬಾಯಿಗೆ ಕೂರುವ ಮೊದಲ ಹಂತ ಈ ಒತ್ತಡವನ್ನು ಸುತ್ತಲಿನ ನೀರಿಗಿಂತ ಸುಮಾರು 10 ಬಾರ್ ಹೆಚ್ಚಿನ ಮಟ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಕೊಳವೆಯ ಮೂಲಕ ಬಾಯಲ್ಲಿ ಕಚ್ಚಿಕೊಳ್ಳುವ ಎರಡನೆಯ ಹಂತಕ್ಕೆ ಗಾಳಿ ಬರುತ್ತದೆ. ಅಲ್ಲೊಂದು ರಬ್ಬರಿನ ಪೊರೆ, ಅದಕ್ಕೆ ತಾಗಿದ ಸಣ್ಣ ಸನ್ನೆ. ನೀವು ಉಸಿರೆಳೆದಾಗ ಪೊರೆ ಒಳಕ್ಕೆ ಬಾಗುತ್ತದೆ, ಸನ್ನೆ ಒತ್ತುತ್ತದೆ, ಕವಾಟ ತೆರೆಯುತ್ತದೆ. ಎಳೆಯುವುದನ್ನು ನಿಲ್ಲಿಸಿದೊಡನೆ ಮುಚ್ಚಿಕೊಳ್ಳುತ್ತದೆ.

ಅಡುಗೆಮನೆಯ ಹೋಲಿಕೆ ಸುಮ್ಮನೆ ಹೇಳಿದ್ದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲಿನ ಅಭಾವವಿತ್ತು. ಮೋಟಾರು ಗಾಡಿಗಳನ್ನು ಅನಿಲದಿಂದ ಓಡಿಸಲೆಂದು ಎಮಿಲ್ ಗಾನ್ಯಾಂ ಎಂಬ ಎಂಜಿನಿಯರ್ ಒಂದು ರೆಗ್ಯುಲೇಟರ್ ರೂಪಿಸಿದ್ದರು. ಅದನ್ನೇ ಮಾರ್ಪಡಿಸಿ ಅವರೂ ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋ ಅವರೂ 1943ರಲ್ಲಿ ನೀರಿನಡಿಯ ಉಸಿರಾಟದ ಉಪಕರಣವನ್ನು ಸಿದ್ಧಪಡಿಸಿದರು. ಇಂದಿನ ರೆಗ್ಯುಲೇಟರುಗಳೆಲ್ಲ ಅದರ ಸಂತತಿ.

ಕಡಲಿಲ್ಲದ ಸೀಮೆಯವರಿಗೆ ಇದು ಏಕೆ ಎಂದು ನೀವು ಕೇಳಬಹುದು. 2022ರಲ್ಲಿ ಬಿಡುಗಡೆಯಾದ ‘ಗಂಧದ ಗುಡಿ’ ಸಾಕ್ಷ್ಯಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ಕಡಲಿಗೆ ಇಳಿದುದನ್ನು ನಾಡೆಲ್ಲ ನೋಡಿತು. ಅವರ ತಾತ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಹೆಸರಿನಲ್ಲಿರುವ ಊರು ಕೊಳ್ಳೇಗಾಲದ ಸೀಮೆಯದೇ. ನೇತ್ರಾಣಿ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿರುವ ದ್ವೀಪ, ನಮ್ಮ ರಾಜ್ಯದಲ್ಲಿ ಸ್ಕೂಬಾ ಕಲಿಯುವವರು ಹೋಗುವ ಮುಖ್ಯ ತಾಣ. ಮುಂಗಾರು ಮುಗಿದ ಮೇಲೆ ಅಲ್ಲಿಗೆ ದೋಣಿಗಳು ಹೊರಡುತ್ತವೆ. ಕಲಿತು ಬಂದವರು ಶಿವನಸಮುದ್ರದ ಬಳಿಯ ಕಾವೇರಿಯಲ್ಲೋ ಗುಂಡಾಲ್ ಜಲಾಶಯದಲ್ಲೋ ಕಲಿತದ್ದನ್ನು ಪರೀಕ್ಷಿಸಲು ಹೋಗಬಾರದು. ಹೊಳೆಯ ಸೆಳೆತ, ಬಂಡೆಗಳ ನಡುವಿನ ಸುಳಿ, ಕೈಯೇ ಕಾಣದ ಕದಡು ನೀರು, ಇವು ಬೇರೆಯೇ ವಿದ್ಯೆಯನ್ನು ಬೇಡುತ್ತವೆ.

ಆಯ್ಕೆಯ ವಿಷಯಕ್ಕೆ ಬರೋಣ. ಮೊದಲು ಒಂದು ಸಣ್ಣ ಲೆಕ್ಕ. 11 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇದ್ದರೆ ಮೇಲ್ಮೈಯ ಲೆಕ್ಕದಲ್ಲಿ 2200 ಲೀಟರ್ ಆಯಿತು. ಕೊನೆಯ 50 ಬಾರ್ ಮುಟ್ಟದ ಮೀಸಲು. ಉಳಿದದ್ದು 1650 ಲೀಟರ್. ದಡದಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಸಾಕಾಗುವವನಿಗೆ 18 ಮೀಟರ್ ಆಳದಲ್ಲಿ, ಒತ್ತಡ 2.8 ಬಾರ್ ಆಗುವುದರಿಂದ, 56 ಲೀಟರ್ ಬೇಕು. ಹೆಚ್ಚೆಂದರೆ ಅರ್ಧ ಗಂಟೆ. ಎಂಥ ದುಬಾರಿ ರೆಗ್ಯುಲೇಟರ್ ಆದರೂ ಈ ಅರ್ಧ ಗಂಟೆಯನ್ನು ಒಂದು ಗಂಟೆ ಮಾಡಲಾರದು. ಅದನ್ನು ಹಿಗ್ಗಿಸುವುದು ನಿಧಾನವಾದ, ಗಾಬರಿಯಿಲ್ಲದ ಉಸಿರು, ಅದು ತರಬೇತಿಯಿಂದ ಬರುವಂಥದು. ಆದ್ದರಿಂದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ತರಬೇತಿ ಮುಗಿಯುವ ತನಕ ರೆಗ್ಯುಲೇಟರ್ ಕೊಳ್ಳಬೇಡಿ. ಕಲಿಸುವ ಕೇಂದ್ರದ್ದನ್ನೇ ಬಳಸಿ. ನಿಮ್ಮ ಮುಖಕ್ಕೆ ಸರಿಯಾಗಿ ಕೂರುವ ಕನ್ನಡಕವನ್ನು ಬೇಕಾದರೆ ಮೊದಲು ಕೊಳ್ಳಿ, ಅದು ಒಬ್ಬರದು ಇನ್ನೊಬ್ಬರಿಗೆ ಹೊಂದುವುದಿಲ್ಲ. ವರ್ಷಕ್ಕೆ ಎರಡು ದಿನ ಮುಳುಗುವವರಿಗೆ ಬಾಡಿಗೆಯೇ ಲಾಭ.

ಇಷ್ಟಾದ ಮೇಲೂ ಕೊಳ್ಳುವ ಮನಸ್ಸಿದ್ದರೆ ಅಂಗಡಿಯಲ್ಲಿ ಮೊದಲು ಕೇಳುವ ಮಾತು ‘ಬ್ಯಾಲೆನ್ಸ್ಡ್’ ಎಂಬುದು. ಸಮತೋಲನವಿಲ್ಲದ ಮೊದಲ ಹಂತದಲ್ಲಿ ಸಿಲಿಂಡರಿನ ಒತ್ತಡ ಇಳಿದಂತೆ ಉಸಿರೆಳೆಯುವ ಶ್ರಮ ಬದಲಾಗುತ್ತದೆ. ಸಮತೋಲನವಿದ್ದಲ್ಲಿ 200 ಬಾರ್‌ನಲ್ಲೂ 60 ಬಾರ್‌ನಲ್ಲೂ ಒಂದೇ ತೆರನಾಗಿರುತ್ತದೆ. ಹಣವಿದ್ದರೆ ಇದಕ್ಕೆ ಕೊಡಬಹುದು. ಆದರೆ ಸಮತೋಲನವಿಲ್ಲದ್ದು ಅಪಾಯಕಾರಿ ಎಂದು ಯಾರಾದರೂ ಹೆದರಿಸಿದರೆ ನಂಬಬೇಕಾಗಿಲ್ಲ, 18 ಮೀಟರಿನೊಳಗೆ ಅದು ಚೆನ್ನಾಗಿಯೇ ದುಡಿಯುತ್ತದೆ. ಪಿಸ್ಟನ್ ಇರುವುದೋ ಪೊರೆಯಿರುವುದೋ ಎಂಬ ವಾದ ಮುಳುಗುಗಾರರಲ್ಲಿ ಮುಗಿಯುವುದೇ ಇಲ್ಲ. ಪಿಸ್ಟನ್ನಿನಲ್ಲಿ ಬಿಡಿಭಾಗಗಳು ಕಡಮೆ. ಪೊರೆಯಿರುವಲ್ಲಿ ಉಪ್ಪು, ಮರಳು ಒಳಗೆ ಹೋಗದಂತೆ ತಡೆಯುವುದು ಸುಲಭ. ಎರಡರಲ್ಲೂ ಒಳ್ಳೆಯವು ಇವೆ. ಮಂಜುಗಡ್ಡೆಯಂಥ ತಣ್ಣೀರಿಗೆಂದು ಮಾಡಿದ ವಿಶೇಷ ಮಾದರಿಗಳಿಗೆ ನಮ್ಮ ಬೆಚ್ಚನೆಯ ಅರಬ್ಬಿ ಸಮುದ್ರದಲ್ಲಿ ಕೆಲಸವಿಲ್ಲ.

ಸಿಲಿಂಡರಿಗೆ ಜೋಡಿಸುವ ರೀತಿ ಎರಡು ಬಗೆ: ಮೇಲಿನಿಂದ ಹಿಡಿದು ಬಿಗಿಯುವ ಯೋಕ್, ಒಳಕ್ಕೆ ತಿರುಪುವ ಡಿನ್. ನೀವು ಹೋಗುವ ಕೇಂದ್ರದ ಸಿಲಿಂಡರುಗಳು ಯಾವ ಬಗೆಯವು ಎಂದು ಮೊದಲೇ ಕೇಳಿ. ಬೆಲೆ ನೋಡುವಾಗಲೂ ಒಂದು ಎಚ್ಚರ ಬೇಕು. ಚೀಟಿಯಲ್ಲಿ ಬರೆದಿರುವುದು ಎರಡು ಹಂತಗಳ ಬೆಲೆ ಮಾತ್ರ ಇರಬಹುದು. ಜೊತೆಗಾರನ ಗಾಳಿ ಮುಗಿದರೆ ಅವನಿಗೆ ಕೊಡಲು ಇನ್ನೊಂದು ಬಾಯಿತುಂಡು, ಅದನ್ನು ಆಕ್ಟೋಪಸ್ ಎನ್ನುತ್ತಾರೆ, ದೂರಕ್ಕೆ ಕಾಣಲೆಂದು ಸಾಮಾನ್ಯವಾಗಿ ಹಳದಿ ಬಣ್ಣದ್ದು. ಜೊತೆಗೆ ಒತ್ತಡದ ಮಾಪಕ, ಕೊಳವೆಗಳು. ಇವಿಲ್ಲದ ರೆಗ್ಯುಲೇಟರ್ ಅಪೂರ್ಣ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಇದನ್ನು ಬಿಚ್ಚಿ ಸರಿಪಡಿಸುವವರು ಎಲ್ಲಿದ್ದಾರೆ? ರೆಗ್ಯುಲೇಟರಿನೊಳಗಿನ ರಬ್ಬರ್ ಬಳೆಗಳು, ಕವಾಟದ ಕೂರುಭಾಗಗಳು ಸವೆಯುತ್ತವೆ. ಬಳಸದೆ ಪೆಟ್ಟಿಗೆಯಲ್ಲಿಟ್ಟರೂ ರಬ್ಬರಿಗೆ ವಯಸ್ಸಾಗುತ್ತದೆ. ತಯಾರಕರು ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಇವನ್ನು ಬದಲಿಸಲು ಹೇಳುತ್ತಾರೆ. ಆಯಾ ಕಂಪನಿಯ ಬಿಡಿಭಾಗವೇ ಬೇಕು, ಆ ಮಾದರಿಯಲ್ಲಿ ತರಬೇತಿ ಪಡೆದ ಕೈಯೇ ಬೇಕು. ಪಂಪ್‌ಸೆಟ್ ರಿಪೇರಿ ಮಾಡುವ ನಿಮ್ಮೂರಿನ ಮೆಕ್ಯಾನಿಕ್ ಎಷ್ಟೇ ಜಾಣನಾಗಿರಲಿ, ಇದನ್ನು ಅವನ ಕೈಗೆ ಕೊಡುವಂತಿಲ್ಲ. ಹೊರದೇಶದ ನೆಂಟರು ಅರ್ಧ ಬೆಲೆಗೆ ತಂದುಕೊಡುವ ಹೆಸರಾಂತ ರೆಗ್ಯುಲೇಟರಿಗೆ ಇಲ್ಲಿ ಬಿಡಿಭಾಗ ಸಿಗದಿದ್ದರೆ ಅದು ಕಪಾಟಿನ ಅಲಂಕಾರ. ಬೆಂಗಳೂರಿನಲ್ಲೋ ಕರಾವಳಿಯಲ್ಲೋ ದುರಸ್ತಿ ಸಿಗುವ ಸಾಧಾರಣ ಮಾದರಿ ಅದಕ್ಕಿಂತ ನೂರು ಪಾಲು ಮೇಲು. ಕೊಳ್ಳೇಗಾಲದವರಿಗೆ ರೇಷ್ಮೆ ಸೀರೆಯ ಸೆರಗನ್ನು ಮುಟ್ಟಿ ಗುಣ ಹೇಳುವ ಅಭ್ಯಾಸವಿದೆ. ಈ ವಸ್ತುವಿನಲ್ಲಿ ಅದು ನಡೆಯದು. ಹೊರಗೆ ಥಳಥಳಿಸುವ ಹಳೆಯ ರೆಗ್ಯುಲೇಟರಿನೊಳಗೆ ಹಸಿರು ಕಿಲುಬು ಹಿಡಿದಿರಬಹುದು. ಹಳೆಯದನ್ನು ಕೊಳ್ಳುವವರು ದುರಸ್ತಿಯ ಖರ್ಚನ್ನು ಸೇರಿಸಿಯೇ ಬೆಲೆ ಕಟ್ಟಬೇಕು.

ಈಗಿನ ಎರಡನೆಯ ಹಂತಗಳನ್ನು ಕೆಟ್ಟರೆ ಮುಚ್ಚಿಕೊಳ್ಳದೆ ಗಾಳಿ ಸುರಿಯುವಂತೆ ರಚಿಸಿರುತ್ತಾರೆ. ಉಸಿರು ತಕ್ಷಣ ನಿಲ್ಲುವುದಿಲ್ಲ, ಸಿಲಿಂಡರ್ ಬೇಗ ಬರಿದಾಗುತ್ತದೆ. ಆಗ ಜೊತೆಗಾರನೊಡನೆ ನಿಧಾನವಾಗಿ ಮೇಲೇರಬೇಕು, ಉಸಿರು ಬಿಗಿಹಿಡಿಯಲೇಬಾರದು. 10 ಮೀಟರ್ ಆಳದಲ್ಲಿ ತುಂಬಿಕೊಂಡ ಗಾಳಿ ಮೇಲ್ಮೈಗೆ ಬರುವಷ್ಟರಲ್ಲಿ ಎರಡು ಪಟ್ಟಾಗುತ್ತದೆ, ಬಾಯ್ಲನ ನಿಯಮ ನಿಮಗೆ ಗೊತ್ತೇ ಇದೆ. ಬಿಗಿಹಿಡಿದರೆ ಶ್ವಾಸಕೋಶವೇ ಹರಿಯಬಹುದು. ದೋಣಿಯಲ್ಲಿ ಕುಳಿತಾಗಲೇ ಮಾಡಬೇಕಾದ ಸುಲಭ ಪರೀಕ್ಷೆಯೊಂದಿದೆ. ಸಿಲಿಂಡರ್ ತೆರೆದು, ಮಾಪಕದ ಮುಳ್ಳನ್ನು ನೋಡುತ್ತ ನಾಲ್ಕೈದು ಸಲ ಉಸಿರೆಳೆಯಿರಿ. ಮುಳ್ಳು ಪ್ರತಿ ಉಸಿರಿಗೂ ಕುಸಿದು ಮೇಲೆದ್ದರೆ ಸಿಲಿಂಡರಿನ ಕವಾಟ ಪೂರ್ತಿ ತೆರೆದಿಲ್ಲದಿರುವ ಸಂಭವವೇ ಹೆಚ್ಚು.

ಒತ್ತಡದ ಗಾಳಿಯಿಂದ ರಕ್ತದಲ್ಲಿ ಕರಗಿದ ಸಾರಜನಕ ಹೊರಹೋಗಲು ಸಮಯ ಬೇಕು. ಕೊಳ್ಳೇಗಾಲ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ, ದಾರಿಯ ಘಟ್ಟಗಳು ಇನ್ನೂ ಎತ್ತರವಿರಬಹುದು. ಅಂಥ ಎತ್ತರಕ್ಕೆ ಹೋಗುವ ಮುನ್ನ ಒಂದೇ ಮುಳುಗಾದರೆ 12 ಗಂಟೆ, ಹಲವು ಮುಳುಗುಗಳಾದರೆ 18 ಗಂಟೆ ಕಾಯುವುದು ರೂಢಿ. ಸಂಜೆಯ ಬಸ್ಸು ಬೇಡ, ರಾತ್ರಿ ಕರಾವಳಿಯಲ್ಲೇ ತಂಗಿ.

ಮನೆಗೆ ಬಂದೊಡನೆ ರೆಗ್ಯುಲೇಟರನ್ನು ಮುಚ್ಚಳ ಬಿಗಿಯಾಗಿ ಹಾಕಿ ಸಿಹಿನೀರಿನಲ್ಲಿ ನೆನೆಸಿಡಿ. ನೆನೆದಿರುವಾಗ ಬಾಯಿತುಂಡಿನ ಗುಂಡಿಯನ್ನು ಒತ್ತಬೇಡಿ, ನೀರು ಒಳಹೋಗುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕೊನೆಯ ತೊಳೆತಕ್ಕೆ ಮಳೆನೀರು ಒಳ್ಳೆಯದು. ನೆರಳಿನಲ್ಲಿ ಒಣಗಿಸಿ, ಕೊಳವೆಗಳನ್ನು ಮಡಿಸದೆ ಸಡಿಲವಾಗಿ ಸುತ್ತಿ, ಜಿರಲೆ ಹೋಗದಂತೆ ಬಟ್ಟೆಯ ಚೀಲದಲ್ಲಿಡಿ. ಮುಂದಿನ ದುರಸ್ತಿಯ ತಿಂಗಳನ್ನು ಒಂದು ಚೀಟಿಯಲ್ಲಿ ಬರೆದು ಅದೇ ಚೀಲಕ್ಕೆ ಕಟ್ಟಿ.